ಉತ್ತರ ಕನ್ನಡದ ಆಸ್ಪತ್ರೆಗಳಿಗೆ ಸರದಿಯ ಲೆಕ್ಕ ಬಲ್ಲ ಆಡಳಿತಗಾರರು ಬೇಕು

ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಇಂದು ನಿನ್ನೆಯದಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ದಕ್ಷಿಣಕ್ಕೆ ಹೊರಟಿದ್ದ ಆಂಬುಲೆನ್ಸ್ ಬೈಂದೂರು ತಾಲ್ಲೂಕಿನ ಶಿರೂರು ಟೋಲ್‌ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಮೃತಪಟ್ಟ ಮೇಲೆ, ಆ ಕೂಗಿಗೆ ಸಿಟ್ಟೂ ಸೇರಿಕೊಂಡಿತು. ದೊಡ್ಡ ಆಸ್ಪತ್ರೆ ಬೇಕೆಂದರೆ ಕಾರವಾರದಿಂದ ಗೋವಾದ ಬಾಂಬೋಳಿಗೆ, ಶಿರಸಿಯಿಂದ ಹುಬ್ಬಳ್ಳಿಗೆ, ಭಟ್ಕಳದಿಂದ ಮಣಿಪಾಲಕ್ಕೆ ಹೆಚ್ಚುಕಡಿಮೆ ನೂರು ಕಿಲೋಮೀಟರ್ ದಾರಿ ಇರುವಾಗ, 2011ರ ಜನಗಣತಿಯಲ್ಲೇ ಹದಿನಾಲ್ಕು ಲಕ್ಷ ದಾಟಿದ ಜನರಿರುವ ಜಿಲ್ಲೆಯೊಂದು ಈ ಬೇಡಿಕೆ ಇಡುವುದು ನ್ಯಾಯವೇ ಆಗಿದೆ. ಅದರ ಬಗ್ಗೆ ಈ ಲೇಖನಕ್ಕೆ ಯಾವ ತಕರಾರೂ ಇಲ್ಲ.

ಆದರೆ ನಮ್ಮ ಚರ್ಚೆ ಕಟ್ಟಡ, ಹಾಸಿಗೆ ಮತ್ತು ಯಂತ್ರಗಳ ಸುತ್ತಲೇ ತಿರುಗುತ್ತಿದ್ದು, ಇರುವ ಆಸ್ಪತ್ರೆಗಳ ಒಳಗೆ ರೋಗಿಯ ಹೊತ್ತು ಎಲ್ಲಿ ಹಾಳಾಗುತ್ತಿದೆ, ಅದನ್ನು ಸರಿಪಡಿಸುವ ವಿದ್ಯೆಯನ್ನು ಯಾರಿಗೆ ಹೇಗೆ ಕಲಿಸಬೇಕು ಎಂಬ ಪ್ರಶ್ನೆ ಬದಿಗೆ ಉಳಿದಿದೆ. ಸರ್ಕಾರಿ ವ್ಯವಸ್ಥೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಯಾಗುವವರು ಸಾಮಾನ್ಯವಾಗಿ ಒಳ್ಳೆಯ ವೈದ್ಯರೇ ಆಗಿರುತ್ತಾರೆ. ಆದರೆ ಆಡಳಿತವನ್ನು ಅವರು ಕಲಿಯುವುದು ಆ ಕುರ್ಚಿಯಲ್ಲಿ ಕುಳಿತ ಮೇಲೆ, ರೋಗಿಗಳನ್ನು ಕಾಯಿಸುತ್ತ. ಆಸ್ಪತ್ರೆ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಓದುವವರಿಗೆ ಪಠ್ಯದಲ್ಲಿ ಪ್ರಕ್ರಿಯಾ ಸುಧಾರಣೆಯ, ಅಂದರೆ ಕೆಲಸ ನಡೆಯುವ ಕ್ರಮವನ್ನು ಉತ್ತಮಪಡಿಸುವ, ಪಾಠ ಇರುತ್ತದೆ ನಿಜ. ವ್ಯರ್ಥವಾಗುವುದನ್ನು ಹುಡುಕಿ ತೆಗೆಯುವ, ಟೊಯೋಟಾದಿಂದ ಬಂದ ಲೀನ್ ಪದ್ಧತಿ, ಅಮೆರಿಕದ ಗುಣಮಟ್ಟ ತಜ್ಞರಾದ ಶೆವಾರ್ಟ್ ಮತ್ತು ಡೆಮಿಂಗ್ ಅವರಿಂದ ಬಂದ ಯೋಜನೆ, ಪ್ರಯೋಗ, ಪರಿಶೀಲನೆ, ಅಳವಡಿಕೆಯ ಚಕ್ರ, ಇವನ್ನೆಲ್ಲ ಅವರು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆಯಬಲ್ಲರು. ಚಕ್ರವನ್ನು ಒಮ್ಮೆಯಾದರೂ ತಿರುಗಿಸಿ ನೋಡಿದವರು ಎಷ್ಟು ಮಂದಿ ಎಂಬುದು ಬೇರೆಯೇ ಮಾತು. ಸಿಮ್ಯುಲೇಷನ್ ಈ ಕೊರತೆಯನ್ನು ತುಂಬಬಲ್ಲದು ಎಂಬುದು ನನ್ನ ವಾದ.

ಸಿಮ್ಯುಲೇಷನ್ ಎಂದೊಡನೆ ವೈದ್ಯಕೀಯ ಕಾಲೇಜಿನವರ ಕಣ್ಣ ಮುಂದೆ ಬರುವುದು ಎದೆ ಒತ್ತಿ ಉಸಿರು ಮರಳಿಸುವುದನ್ನು ಕಲಿಸುವ ಗೊಂಬೆ. ಕೌಶಲ ಪ್ರಯೋಗಾಲಯಗಳಲ್ಲಿ ಅದರ ಬಳಕೆ ಈಗ ಸಾಮಾನ್ಯವಾಗಿದೆ. ಇಲ್ಲಿ ಹೇಳುತ್ತಿರುವುದು ಅದಲ್ಲ. ಇಲ್ಲಿ ಅನುಕರಿಸುವುದು ರೋಗಿಯ ದೇಹವನ್ನಲ್ಲ, ಆಸ್ಪತ್ರೆಯ ನಡೆಯನ್ನು: ಜನ ಎಷ್ಟು ಹೊತ್ತಿಗೆ ಬರುತ್ತಾರೆ, ಚೀಟಿ ಮಾಡಿಸಲು ಎಷ್ಟು ನಿಮಿಷ, ವೈದ್ಯರ ಬಳಿ ಎಷ್ಟು ನಿಮಿಷ, ರಕ್ತ ಕೊಟ್ಟು ವರದಿ ಬರುವವರೆಗೆ ಎಷ್ಟು ಹೊತ್ತು, ಔಷಧ ಕೊಡುವ ಕಿಟಕಿಯಲ್ಲಿ ಎಷ್ಟು ಹೊತ್ತು. ಇವನ್ನು ಕಾಗದದ ಮೇಲೋ ಕಂಪ್ಯೂಟರಿನಲ್ಲೋ ಕಟ್ಟಿ, ಒಂದೊಂದೇ ಬದಲಾವಣೆ ಮಾಡಿ, ನೂರಾರು ದಿನಗಳನ್ನು ಕೆಲವೇ ನಿಮಿಷಗಳಲ್ಲಿ ಓಡಿಸಿ ಪರಿಣಾಮ ನೋಡುವುದು. ನಿಜವಾದ ಆಸ್ಪತ್ರೆಯಲ್ಲಿ ಪ್ರಯೋಗಾರ್ಥವಾಗಿ ಒಂದು ಕೌಂಟರ್ ಮುಚ್ಚಿದರೆ ಎದುರಿಗಿರುವ ವೃದ್ಧೆಯ ದಿನ ಹಾಳಾಗುತ್ತದೆ, ಮಾದರಿಯಲ್ಲಿ ಮುಚ್ಚಿದರೆ ಯಾರಿಗೂ ನಷ್ಟವಿಲ್ಲ.

ಹೊತ್ತು ಎಲ್ಲಿ ಹೋಗುತ್ತದೆ ಎಂಬುದಕ್ಕೆ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಇದು ಯಾವುದೇ ಒಂದು ಆಸ್ಪತ್ರೆಯ ವರದಿಯಲ್ಲ, ತರಗತಿಯಲ್ಲಿ ಬಳಸಲು ಕಟ್ಟಿಕೊಂಡ ಚಿತ್ರ. ಒಳನಾಡಿನ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟ ಮಹಿಳೆ ಹತ್ತು ಗಂಟೆಗೆ ಆಸ್ಪತ್ರೆ ಮುಟ್ಟುತ್ತಾರೆ. ಚೀಟಿ ಸಿಗುವಾಗ ಹತ್ತೂವರೆ. ವೈದ್ಯರು ನೋಡುವಾಗ ಹನ್ನೊಂದೂಮುಕ್ಕಾಲು, ಅದೂ ಐದೇ ನಿಮಿಷ. ರಕ್ತ ಪರೀಕ್ಷೆಗೆ ಬರೆದುಕೊಡುತ್ತಾರೆ. ಮಾದರಿ ಕೊಡುವಷ್ಟರಲ್ಲಿ ಹನ್ನೆರಡೂಕಾಲು. ಯಂತ್ರಕ್ಕೆ ಬೇಕಾದ ಹೊತ್ತು ಅರ್ಧ ಗಂಟೆಯೊಳಗೇ ಮುಗಿದರೂ, ಮಾದರಿಗಳನ್ನು ಒಟ್ಟುಗೂಡಿಸಿ ಒಂದೇ ಸಲ ಹಾಕುವ ರೂಢಿಯಿಂದಾಗಿ ವರದಿ ಕೈಗೆ ಬರುವುದು ಮಧ್ಯಾಹ್ನ ಎರಡೂವರೆಗೆ. ಅಷ್ಟರಲ್ಲಿ ವೈದ್ಯರು ವಾರ್ಡಿಗೋ ಶಸ್ತ್ರಚಿಕಿತ್ಸೆಗೋ ಹೋಗಿರುತ್ತಾರೆ. ಅವರಿಗಾಗಿ ಕಾದರೆ ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆ, ಕಾಯದಿದ್ದರೆ ನಾಳೆ ಮತ್ತೆ ಬರಬೇಕು, ಅಂದರೆ ಇನ್ನೊಂದು ದಿನದ ಕೂಲಿ ಮತ್ತು ಬಸ್ ಚಾರ್ಜು. ಅಂದು ಆಸ್ಪತ್ರೆಯಲ್ಲಿ ಅವರು ಕಳೆದ ಹೊತ್ತಿನಲ್ಲಿ ಚಿಕಿತ್ಸೆಗೆ ಸಂಬಂಧಿಸಿದ ಕೆಲಸ ನಡೆದದ್ದು ಒಂದು ಗಂಟೆಗಿಂತಲೂ ಕಡಿಮೆ.

ಊರಿಗೆ ಬಸ್ಸು ಎಷ್ಟು ಹೊತ್ತಿಗೂ ಸಿಗುವ ನಗರದಲ್ಲಿ ಅರ್ಧ ಗಂಟೆ ತಡವಾದರೆ ನಷ್ಟವೂ ಅರ್ಧ ಗಂಟೆಯದೇ. ನಮ್ಮ ಘಟ್ಟದ ಹಳ್ಳಿಗಳಿಗೆ ಹಾಗಲ್ಲ, ಅರ್ಧ ಗಂಟೆಯ ತಡ ಒಂದಿಡೀ ದಿನವನ್ನು ನುಂಗುತ್ತದೆ. ಆದ್ದರಿಂದ ಸರಾಸರಿ ಕಾಯುವ ಹೊತ್ತನ್ನು ಮಾತ್ರ ಅಳೆಯುವ ಆಡಳಿತಗಾರ ಇಲ್ಲಿ ತಪ್ಪು ಅಳತೆಯನ್ನು ಹಿಡಿದಿರುತ್ತಾನೆ. ಕೊನೆಯ ಬಸ್ಸಿನೊಳಗೆ ಕೆಲಸ ಮುಗಿಸಿ ಹೊರಟವರು ನೂರಕ್ಕೆ ಎಷ್ಟು ಎಂಬುದು ಇಲ್ಲಿನ ಸರಿಯಾದ ಅಳತೆ. ಅಳತೆಯನ್ನು ಆರಿಸಿಕೊಳ್ಳುವುದೇ ಪ್ರಕ್ರಿಯಾ ಸುಧಾರಣೆಯ ಮೊದಲ ಪಾಠವಾಗಿದ್ದು, ಅದನ್ನು ಅಮೆರಿಕದ ಸಿಯಾಟಲ್‌ನ ಅಥವಾ ಬೆಂಗಳೂರಿನ ಆಸ್ಪತ್ರೆಯ ಉದಾಹರಣೆಯಿಂದ ಕಲಿಯಲು ಬರುವುದಿಲ್ಲ.

ಸರದಿಯ ವಿಷಯದಲ್ಲಿ ಮನುಷ್ಯನ ಅಂದಾಜು ಎಷ್ಟು ತಪ್ಪುತ್ತದೆ ಎಂಬುದಕ್ಕೆ ಸರಳವಾದ ಲೆಕ್ಕವೊಂದಿದೆ. ಒಬ್ಬರೇ ವೈದ್ಯರಿದ್ದು, ಒಬ್ಬ ರೋಗಿಗೆ ಸರಾಸರಿ ಐದು ನಿಮಿಷ ಬೇಕೆಂದುಕೊಳ್ಳಿ. ಗಂಟೆಗೆ ಹನ್ನೆರಡು ಮಂದಿಯನ್ನು ನೋಡಬಹುದು. ಜನ ಮನಬಂದ ಹೊತ್ತಿಗೆ ಬರುತ್ತಾರೆ, ನೋಡುವ ಹೊತ್ತೂ ಒಬ್ಬೊಬ್ಬರಿಗೆ ಒಂದೊಂದು ರೀತಿ. ಗಂಟೆಗೆ ಸರಾಸರಿ ಹತ್ತು ಮಂದಿ ಬರುತ್ತಿದ್ದರೆ, ಸರದಿ ಸಿದ್ಧಾಂತದ ಅತಿ ಸರಳ ಸೂತ್ರದ ಪ್ರಕಾರ, ಒಬ್ಬರು ಕಾಯಬೇಕಾದ ಸರಾಸರಿ ಹೊತ್ತು 25 ನಿಮಿಷ. ಹತ್ತರ ಬದಲು ಹನ್ನೊಂದು ಮಂದಿ ಬಂದರೆ? ಹೆಚ್ಚಿನವರು ಮೂವತ್ತು ನಿಮಿಷ ಎನ್ನುತ್ತಾರೆ. ಉತ್ತರ 55 ನಿಮಿಷ. ಹನ್ನೆರಡು ಮಂದಿ ಬಂದರೆ ಸರದಿಗೆ ಕೊನೆಯೇ ಇರುವುದಿಲ್ಲ, ಅದು ಬೆಳೆಯುತ್ತಲೇ ಹೋಗುತ್ತದೆ. ದೇವಿಮನೆ ಘಟ್ಟದಲ್ಲಿ ವಾಹನಗಳು ತುಂಬಿ ಹರಿಯುತ್ತಿರುವಾಗ ಒಂದು ಲಾರಿ ಕೆಟ್ಟು ನಿಂತರೆ ಎಷ್ಟು ಹೊತ್ತು ದಾರಿ ಬಿಡುವುದಿಲ್ಲವೋ ಬಲ್ಲವರಿಗೆ ಇದು ಅರ್ಥವಾದೀತು: ಸಾಮರ್ಥ್ಯದ ಅಂಚಿನಲ್ಲಿ ನಡೆಯುವ ವ್ಯವಸ್ಥೆಗೆ ಸಣ್ಣ ತೊಡಕನ್ನು ನುಂಗಿಕೊಳ್ಳುವ ಜಾಗವೇ ಇರುವುದಿಲ್ಲ.

ಈ ಗಣಿತ ಹೊಸದಲ್ಲ. ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ ಟೆಲಿಫೋನ್ ಕರೆಗಳ ಸರದಿಯನ್ನು ಕುರಿತು ಬರೆದದ್ದು 1909ರಲ್ಲಿ. ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಅದನ್ನು ತಂದವರಲ್ಲಿ ಮೊದಲಿಗರು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೈಲಿ. ಕಂಪ್ಯೂಟರ್ ಕೈಗೆಟುಕದ ಕಾಲದಲ್ಲಿ, ಯಾದೃಚ್ಛಿಕ (ಯಾವ ಕ್ರಮವೂ ಇಲ್ಲದ) ಸಂಖ್ಯೆಗಳ ಪಟ್ಟಿಯನ್ನು ಇಟ್ಟುಕೊಂಡು ಚಿಕಿತ್ಸಾಲಯದ ದಿನಗಳನ್ನು ಕೈಯಿಂದಲೇ ಅನುಕರಿಸಿ, 1952ರಲ್ಲಿ ಅವರು ಕಂಡುಕೊಂಡ ಸಂಗತಿ ಇಂದಿಗೂ ಬೆಲೆಯುಳ್ಳದ್ದು. ವೈದ್ಯರ ಒಂದು ನಿಮಿಷವೂ ವ್ಯರ್ಥವಾಗಬಾರದೆಂದು ಎಲ್ಲರನ್ನೂ ಬೆಳಿಗ್ಗೆಯೇ ಬರಹೇಳುವ ಪದ್ಧತಿ ರೋಗಿಗಳಿಂದ ಗಂಟೆಗಟ್ಟಲೆ ಹೊತ್ತನ್ನು ಕಿತ್ತುಕೊಳ್ಳುತ್ತದೆ. ಬಾಗಿಲು ತೆರೆಯುವಾಗ ಇಬ್ಬರನ್ನು, ಆಮೇಲೆ ಸರಾಸರಿ ತಪಾಸಣಾ ಅವಧಿಗೊಬ್ಬರಂತೆ ಒಬ್ಬೊಬ್ಬರನ್ನು ಕರೆದರೆ, ವೈದ್ಯರು ಖಾಲಿ ಕೂರುವ ಹೊತ್ತು ತೀರ ಅಲ್ಪ, ರೋಗಿಗಳಿಗೆ ಉಳಿಯುವ ಹೊತ್ತು ಅಪಾರ. ನಮ್ಮ ಹೊರರೋಗಿ ವಿಭಾಗಗಳು ಇನ್ನೂ ಎಲ್ಲರನ್ನೂ ಬೆಳಿಗ್ಗೆಯೇ ಸೇರಿಸುತ್ತಿವೆ.

ತರಗತಿಯಲ್ಲಿ ಇದನ್ನು ಕಲಿಸಲು ದುಬಾರಿ ತಂತ್ರಾಂಶ ಬೇಕಿಲ್ಲ. ಐದು ಮೇಜು, ಐದು ದಾಳ, ಒಂದು ಡಬ್ಬಿ ಹುಣಸೆ ಬೀಜ ಸಾಕು. ನೋಂದಣಿ, ತಪಾಸಣೆ, ಪ್ರಯೋಗಾಲಯ, ಮರುತಪಾಸಣೆ, ಔಷಧ ಎಂದು ಮೇಜುಗಳಿಗೆ ಹೆಸರಿಟ್ಟು, ಬೀಜಗಳನ್ನು ರೋಗಿಗಳೆಂದು ಎಣಿಸಿ, ಪ್ರತಿ ಸುತ್ತಿನಲ್ಲಿ ಒಬ್ಬೊಬ್ಬರೂ ದಾಳ ಉರುಳಿಸಿ, ಬಿದ್ದಷ್ಟು ಬೀಜಗಳನ್ನು ಮುಂದಿನ ಮೇಜಿಗೆ ದಾಟಿಸಬೇಕು. ದಾಳದ ಸರಾಸರಿ ಮೂರೂವರೆ. ಆದ್ದರಿಂದ ಇಪ್ಪತ್ತು ಸುತ್ತಿಗೆ ಎಪ್ಪತ್ತು ಬೀಜ ಹೊರಬರಬೇಕೆಂದು ವಿದ್ಯಾರ್ಥಿಗಳು ಲೆಕ್ಕ ಹಾಕುತ್ತಾರೆ. ಬರುವುದಿಲ್ಲ, ಕಡಿಮೆಯೇ ಬರುತ್ತದೆ, ಜೊತೆಗೆ ಮೇಜುಗಳ ನಡುವೆ ಬೀಜಗಳ ರಾಶಿ ಬೀಳುತ್ತದೆ. ಆರು ಬಿದ್ದಾಗ ಎದುರಿಗೆ ಎರಡೇ ಬೀಜವಿದ್ದರೆ ನಾಲ್ಕರ ಸಾಮರ್ಥ್ಯ ಅಲ್ಲಿಗೇ ಹೋಯಿತು, ಒಂದು ಬಿದ್ದಾಗ ಉಳಿದವರು ಅಲ್ಲೇ ಕೂತರು. ಒಳ್ಳೆಯ ಸುತ್ತು ಕೆಟ್ಟ ಸುತ್ತನ್ನು ಸರಿದೂಗಿಸುವುದಿಲ್ಲ. ಯಾರೂ ಸೋಮಾರಿಯಾಗದೆ, ಯಾರೂ ತಪ್ಪು ಮಾಡದೆ ಸರದಿ ಹೇಗೆ ಬೆಳೆಯುತ್ತದೆ ಎಂಬುದನ್ನು ಕೈಯಾರೆ ಕಂಡ ವಿದ್ಯಾರ್ಥಿ ಅದನ್ನು ಮರೆಯುವುದಿಲ್ಲ.

ಆಮೇಲೆ ನೋಂದಣಿ ಮೇಜಿಗೆ ಎರಡು ದಾಳ ಕೊಟ್ಟು ನೋಡಬೇಕು. 2022ರಿಂದ ದೇಶದ ಹಲವು ಆಸ್ಪತ್ರೆಗಳಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಬೇಗ ಚೀಟಿ ಪಡೆಯುವ ವ್ಯವಸ್ಥೆ ಬಂದಿದೆ. ಒಳ್ಳೆಯದೇ. ಆದರೆ ವೈದ್ಯರ ಬಾಗಿಲಿನಲ್ಲಿ ಇಕ್ಕಟ್ಟು ಇರುವಾಗ ನೋಂದಣಿಯನ್ನು ಮಾತ್ರ ಚುರುಕುಗೊಳಿಸಿದರೆ ಸರದಿ ಕರಗುವುದಿಲ್ಲ, ಹೊರಗಿನ ಜಗಲಿಯಿಂದ ಒಳಗಿನ ಪಡಸಾಲೆಗೆ ಜಾಗ ಬದಲಿಸುತ್ತದೆ. ಇಕ್ಕಟ್ಟು ಎಲ್ಲಿದೆಯೋ ಅಲ್ಲಿ ಗಳಿಸಿದ ನಿಮಿಷ ಇಡೀ ಆಸ್ಪತ್ರೆಗೆ ಸಿಗುತ್ತದೆ, ಬೇರೆಲ್ಲಿ ಗಳಿಸಿದ್ದೂ ಕಾಯುವ ಹೊತ್ತಿಗೆ ಸೇರಿಹೋಗುತ್ತದೆ.

ಡೆಮಿಂಗ್ ಅವರ ಕೆಂಪು ಮಣಿಗಳ ಪ್ರಯೋಗವನ್ನು ನಮ್ಮ ಸರ್ಕಾರಿ ವ್ಯವಸ್ಥೆಯ ಪ್ರತಿಯೊಬ್ಬ ಮೇಲಧಿಕಾರಿಯೂ ಒಮ್ಮೆ ಆಡಿ ನೋಡಬೇಕು ಎಂದು ನನಗೆ ತೀವ್ರವಾಗಿ ಅನ್ನಿಸುತ್ತದೆ. ಪೆಟ್ಟಿಗೆಯಲ್ಲಿ ನಾಲ್ಕು ಸಾವಿರ ಮಣಿಗಳು, ಅವುಗಳಲ್ಲಿ ಎಂಟುನೂರು ಕೆಂಪು. ಐವತ್ತು ಗುಳಿಗಳಿರುವ ಹಲಗೆಯನ್ನು ಮುಳುಗಿಸಿ ಎತ್ತಬೇಕು, ಕೆಂಪು ಮಣಿ ಬಂದರೆ ತಪ್ಪು. ಸರಾಸರಿ ಹತ್ತು ಬರಬೇಕಾದಲ್ಲಿ ಒಬ್ಬರಿಗೆ ಆರು, ಮತ್ತೊಬ್ಬರಿಗೆ ಹದಿನಾಲ್ಕು ಬರುವುದು ಸಹಜ. ಆಟದಲ್ಲಿ ಆರು ತಂದವರಿಗೆ ಶಹಬ್ಬಾಸ್‌ಗಿರಿ, ಹದಿನಾಲ್ಕು ತಂದವರಿಗೆ ಎಚ್ಚರಿಕೆ. ಮರುಸುತ್ತಿನಲ್ಲಿ ಅದೃಷ್ಟ ಅದಲುಬದಲಾಗುತ್ತದೆ. ಕೆಂಪು ಮಣಿಗಳನ್ನು ಪೆಟ್ಟಿಗೆಗೆ ಹಾಕಿದವರು ಆಡಳಿತದವರೇ ಆಗಿದ್ದರೂ ಬೈಗುಳ ತಿನ್ನುವುದು ಹಲಗೆ ಹಿಡಿದವರು. ಯಾವುದೋ ವಾರದಲ್ಲಿ ವಾರ್ಡಿನಲ್ಲಿ ವಿಳಂಬ ಹೆಚ್ಚಾಯಿತೆಂದು ಆ ಪಾಳಿಯ ಶುಶ್ರೂಷಕಿಗೆ ಕಾರಣ ಕೇಳಿ ನೋಟಿಸ್ ಹೋಗುವಾಗ ನಡೆಯುವುದು ಹಲವು ಸಲ ಇದೇ. ಸಹಜ ಏರಿಳಿತಕ್ಕೂ ನಿಜವಾದ ಲೋಪಕ್ಕೂ ವ್ಯತ್ಯಾಸ ತಿಳಿಯದ ಆಡಳಿತಗಾರ ಒಳ್ಳೆಯ ಸಿಬ್ಬಂದಿಯ ಮನಸ್ಸು ಮುರಿಯುತ್ತಾನೆ, ಪೆಟ್ಟಿಗೆಯನ್ನು ಮಾತ್ರ ಹಾಗೆಯೇ ಬಿಡುತ್ತಾನೆ.

ಮೇಜಿನ ಆಟದಿಂದ ಕಂಪ್ಯೂಟರಿಗೆ ಹೋಗುವಾಗ ಎಕ್ಸೆಲ್ ಸಾಕಾಗುತ್ತದೆ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬಲ್ಲವರಿಗೆ ಸಿಮ್‌ಪೈ ಎಂಬ ಉಚಿತ ಸಾಧನವಿದೆ. ಕಷ್ಟ ಇರುವುದು ಅಂಕಿಅಂಶದಲ್ಲಿ. ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿನ ಸಮಯಗಳನ್ನು ಎಷ್ಟೋ ಕಡೆ ಪಾಳಿ ಮುಗಿಯುವಾಗ ಒಟ್ಟಿಗೆ ತುಂಬುವುದರಿಂದ ಅವನ್ನು ನಂಬಿ ಮಾದರಿ ಕಟ್ಟಲಾಗದು. ವಿದ್ಯಾರ್ಥಿ ಗಡಿಯಾರ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಹಾಗೆ ನಿಂತಾಗ ಪಠ್ಯಪುಸ್ತಕದ ಊಹೆಗಳು ಒಂದೊಂದಾಗಿ ಕಳಚುತ್ತವೆ. ರೋಗಿಗಳು ಬಿಡಿಬಿಡಿಯಾಗಿ, ಮನಬಂದ ಹೊತ್ತಿಗೆ ಬರುತ್ತಾರೆಂಬುದು ಪುಸ್ತಕದ ಊಹೆ. ಇಲ್ಲಿ ಅವರು ವಾಯವ್ಯ ಸಾರಿಗೆಯ ಬಸ್ಸು ಬಂದ ಹಾಗೆ ಗುಂಪುಗುಂಪಾಗಿ ಇಳಿಯುತ್ತಾರೆ. ಸಂತೆಯ ದಿನ ಒಂದು ರೀತಿ, ಜೂನ್ ಮತ್ತು ಜುಲೈನ ಯಾಂತ್ರಿಕ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಮೀನುಗಾರ ಕುಟುಂಬಗಳು ಮುಂದೂಡಿದ್ದ ಚಿಕಿತ್ಸೆಗೆ ಬರುವುದಾದರೆ ಇನ್ನೊಂದು ರೀತಿ, ಬೇಸಿಗೆಯ ಹೊತ್ತಿಗೆ ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಜ್ವರ ಕಾಣಿಸಿಕೊಂಡರೆ ಮತ್ತೊಂದು ರೀತಿ. ಇದನ್ನೆಲ್ಲ ಮಾದರಿಯೊಳಗೆ ತರುವ ಪ್ರಯತ್ನದಲ್ಲಿಯೇ ಅರ್ಧ ಕಲಿಕೆ ಆಗಿಹೋಗುತ್ತದೆ.

ಹಾಸಿಗೆಯ ಕೊರತೆಯ ಮಾತನ್ನೂ ಹೀಗೆಯೇ ಪರೀಕ್ಷಿಸಬಹುದು. ದಿನಕ್ಕೆ ಇಪ್ಪತ್ತು ಮಂದಿ ಬಿಡುಗಡೆಯಾಗುವ ಆಸ್ಪತ್ರೆಯಲ್ಲಿ ಬೆಳಗಿನ ರೌಂಡ್ಸ್‌ನಲ್ಲೇ ಡಿಸ್ಚಾರ್ಜ್ ಎಂದು ವೈದ್ಯರು ಹೇಳಿರುತ್ತಾರೆ. ಸಾರಾಂಶ ಬರೆಯುವುದು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಡತ ಮುಗಿಸುವುದು, ಔಷಧ ತರುವುದು, ಇವುಗಳಲ್ಲಿ ಹಾಸಿಗೆ ಖಾಲಿಯಾಗುವಾಗ ಸಂಜೆ. ಈ ಕೆಲಸಗಳನ್ನು ಹಿಂದಿನ ದಿನವೇ ಶುರುಮಾಡಿ ಪ್ರತಿ ಬಿಡುಗಡೆಯನ್ನು ಮೂರು ಗಂಟೆ ಹಿಂದಕ್ಕೆ ತಂದರೆ ದಿನಕ್ಕೆ ಅರವತ್ತು ಹಾಸಿಗೆ-ಗಂಟೆ, ಅಂದರೆ ಒಂದಿಟ್ಟಿಗೆಯನ್ನೂ ಇಡದೆ ಎರಡೂವರೆ ಹಾಸಿಗೆಯ ಸಾಮರ್ಥ್ಯ ಸಿಗುತ್ತದೆ. ಅದೂ ತುರ್ತು ವಿಭಾಗ ತುಂಬುವ ಮಧ್ಯಾಹ್ನದ ಹೊತ್ತಿಗೆ.

ನಮ್ಮ ಜಿಲ್ಲೆಗೆ ಇದಕ್ಕಿಂತಲೂ ಹೆಚ್ಚು ಹೊಂದುವ ಅಭ್ಯಾಸ ಆಂಬುಲೆನ್ಸಿನದು. ಕರ್ನಾಟಕದಲ್ಲಿ 108 ಸೇವೆ 2008ರಲ್ಲಿ ಆರಂಭವಾಯಿತು. ತಾಲ್ಲೂಕಿಗೆ ಇಷ್ಟು ವಾಹನ ಎಂಬ ಲೆಕ್ಕ ಕಾಗದದಲ್ಲಿ ಸರಿಯಾಗಿ ಕಂಡರೂ, ಕಾರವಾರದಿಂದ ಬಾಂಬೋಳಿಗೆ ರೋಗಿಯನ್ನು ಒಯ್ದ ವಾಹನ ಹೋಗಿ, ರೋಗಿಯನ್ನು ಒಪ್ಪಿಸಿ, ಮರಳುವಷ್ಟರಲ್ಲಿ ನಾಲ್ಕೈದು ಗಂಟೆ ಕಳೆದಿರುತ್ತದೆ ಮತ್ತು ಅಷ್ಟೂ ಹೊತ್ತು ಅದರ ಊರಿಗೆ ಆ ವಾಹನ ಇಲ್ಲದಂತೆಯೇ. ಹೊಸದಾಗಿ ಒಂದು ವಾಹನ ಸಿಕ್ಕರೆ ಅದನ್ನು ದೂರದ ಆಸ್ಪತ್ರೆಗಳಿಗೆ ಒಯ್ಯಲೆಂದೇ ಮೀಸಲಿಡಬೇಕೋ, ಎಲ್ಲ ಕರೆಗಳಿಗೂ ಬಳಸಬೇಕೋ? ಜೋಯಿಡಾದಂಥ ಚದುರಿದ ಊರುಗಳ ತಾಲ್ಲೂಕಿನಲ್ಲಿ ಅದು ಎಲ್ಲಿ ನಿಂತಿರಬೇಕು? ಇಂಥ ಪ್ರಶ್ನೆಗೆ ಸಭೆಯಲ್ಲಿ ಗಟ್ಟಿಯಾಗಿ ಮಾತಾಡಿದವರ ಅಭಿಪ್ರಾಯವೇ ಉತ್ತರವಾಗಬಾರದು.

ಅದೇ ಮಾದರಿಯಲ್ಲಿ ಮಳೆಗಾಲವನ್ನೂ ಓಡಿಸಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ (ಬೈಂದೂರಿನ ಶಿರೂರು ಬೇರೆ) ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಬಂದ್ ಆಯಿತು. ಆಗಸ್ಟ್ 7ರಂದು ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ದಕ್ಷಿಣಕ್ಕೆ ಹೋಗುವ ದಾರಿಯೂ ಗೋವಾಕ್ಕೆ ಹೋಗುವ ದಾರಿಯೂ ಒಂದೇ ತಿಂಗಳೊಳಗೆ ಪೆಟ್ಟು ತಿಂದವು. ಯಾವ ರಸ್ತೆ ಮುಚ್ಚಿದರೆ ಯಾವ ತಾಲ್ಲೂಕಿನ ಗರ್ಭಿಣಿಯನ್ನು ಯಾವ ಆಸ್ಪತ್ರೆಗೆ ಕಳಿಸಬೇಕು, ಆಗ ಅಲ್ಲಿ ಹೆರಿಗೆ ಕೊಠಡಿ ಮತ್ತು ರಕ್ತ ಸಾಲುತ್ತದೆಯೇ ಎಂಬುದನ್ನು ಮೇ ತಿಂಗಳಲ್ಲಿಯೇ ಮಾದರಿಯ ಮೇಲೆ ಆಡಿ ನೋಡಿರುವ ಜಿಲ್ಲಾಡಳಿತಕ್ಕೂ, ಗುಡ್ಡ ಬಿದ್ದ ರಾತ್ರಿ ಫೋನು ಹಿಡಿದು ಕೂರುವ ಜಿಲ್ಲಾಡಳಿತಕ್ಕೂ ಅಂತರವಿದೆ.

ಸಿಮ್ಯುಲೇಷನ್‌ಗೆ ತನ್ನದೇ ಅಪಾಯಗಳೂ ಇವೆ. ಪರದೆಯ ಮೇಲೆ ಓಡುವ ಬಣ್ಣದ ಚಿತ್ರ ವಿದ್ಯಾರ್ಥಿಯನ್ನೂ ಅಧಿಕಾರಿಯನ್ನೂ ಸುಲಭವಾಗಿ ಮರುಳು ಮಾಡುತ್ತದೆ. ಮಾದರಿ ಹೇಳುವ ಕಾಯುವ ಹೊತ್ತು ನಿಜವಾಗಿ ಅಳೆದ ಹೊತ್ತಿಗೆ ಹೊಂದುತ್ತದೆಯೇ ಎಂದು ಮೊದಲು ತಾಳೆ ನೋಡದಿದ್ದರೆ ಮುಂದಿನ ಯಾವ ತೀರ್ಮಾನಕ್ಕೂ ಬೆಲೆಯಿಲ್ಲ. ಹೊರರೋಗಿ ವಿಭಾಗದ ವೈದ್ಯರನ್ನು ತುರ್ತು ವಿಭಾಗಕ್ಕೋ ಮರಣೋತ್ತರ ಪರೀಕ್ಷೆಗೋ ಮಧ್ಯದಲ್ಲೇ ಕರೆಯುವುದನ್ನು ಬಿಟ್ಟು ಕಟ್ಟಿದ ಮಾದರಿ ನಮ್ಮ ತಾಲ್ಲೂಕು ಆಸ್ಪತ್ರೆಯ ಮಾದರಿಯೇ ಅಲ್ಲ. ಅಷ್ಟಲ್ಲದೆ, ಆಯಾ, ವಾರ್ಡ್ ಬಾಯ್ ಮತ್ತು ಕೌಂಟರಿನ ಗುಮಾಸ್ತರನ್ನು ಕೇಳದೆ ಕಟ್ಟಿದ ಮಾದರಿ ಕೆಲಸ ಹೇಗೆ ನಡೆಯಬೇಕೆಂದು ಆದೇಶದಲ್ಲಿದೆಯೋ ಅದನ್ನು ತೋರಿಸುತ್ತದೆ, ಹೇಗೆ ನಡೆಯುತ್ತಿದೆಯೋ ಅದನ್ನಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಪ್ರಕ್ರಿಯೆ ಸುಧಾರಿಸಿ ಎಂಬ ಮಾತನ್ನು, ಖಾಲಿ ಹುದ್ದೆ ತುಂಬದಿರಲು ನೆಪವಾಗಿ ಬಳಸುವ ಸಾಧ್ಯತೆ. ಇದನ್ನು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಸ್ಪಷ್ಟಪಡಿಸಬೇಕು. ಗಂಟೆಗೆ ಹದಿನಾಲ್ಕು ಮಂದಿ ಬರುವ ಕಡೆ ಹನ್ನೆರಡು ಮಂದಿಯನ್ನು ನೋಡಬಲ್ಲ ಒಬ್ಬರೇ ವೈದ್ಯರಿದ್ದರೆ, ಟೋಕನ್, ಕುರ್ಚಿ, ಬಣ್ಣದ ಗೆರೆ ಏನು ಮಾಡಿದರೂ ಸರದಿ ಕರಗದು, ಮತ್ತು ಅದನ್ನು ಯಾವ ಮನವಿಪತ್ರಕ್ಕಿಂತಲೂ ಖಚಿತವಾಗಿ ತೋರಿಸಿಕೊಡುವುದೂ ಇದೇ ಮಾದರಿ. ಎರಡನೆಯ ವೈದ್ಯರು ಬಂದರೆ ಕೊನೆಯ ಬಸ್ಸಿನೊಳಗೆ ಹೊರಟವರ ಪಾಲು ಎಷ್ಟು ಏರುತ್ತದೆ, ಹೃದ್ರೋಗದ ಘಟಕ ಜಿಲ್ಲೆಯಲ್ಲೇ ಇದ್ದರೆ ಆಂಬುಲೆನ್ಸುಗಳು ಎಷ್ಟು ಗಂಟೆ ತಮ್ಮ ತಾಲ್ಲೂಕಿನಲ್ಲೇ ಉಳಿಯುತ್ತವೆ ಎಂಬ ಲೆಕ್ಕ ಮುಂದಿಟ್ಟಾಗ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಬೇಡಿಕೆಗೆ ಬಲ ಬರುತ್ತದೆ.

ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ, ಜಿಲ್ಲೆಯಲ್ಲಿ ನರ್ಸಿಂಗ್ ಶಾಲೆಗಳಿವೆ, ವಾಣಿಜ್ಯ ಮತ್ತು ನಿರ್ವಹಣಾ ಶಾಸ್ತ್ರ ಕಲಿಸುವ ಕಾಲೇಜುಗಳಿವೆ. ಇವರೆಲ್ಲರ ವಿದ್ಯಾರ್ಥಿಗಳನ್ನು ಒಂದೇ ಮೇಜಿಗೆ ಕೂರಿಸಿ, ಒಂದು ಸೆಮಿಸ್ಟರಿಗೆ ಒಂದೇ ಪ್ರಶ್ನೆ ಕೊಟ್ಟರೆ ಸಾಕು, ಉದಾಹರಣೆಗೆ ರಕ್ತದ ವರದಿ ಮಧ್ಯಾಹ್ನ ಒಂದು ಗಂಟೆಯೊಳಗೆ ವೈದ್ಯರ ಮೇಜಿಗೆ ಬರುವಂತೆ ಮಾಡುವುದು ಹೇಗೆ. ಎರಡು ವಾರ ಅಳತೆ, ಎರಡು ವಾರ ಮಾದರಿ, ಆಮೇಲೆ ಆ ವಿಭಾಗದ ಸಿಬ್ಬಂದಿಯ ಮುಂದೆ ಕನ್ನಡದಲ್ಲಿ ಮಂಡನೆ. ಅವರು ಒಪ್ಪಿದ ಒಂದೇ ಬದಲಾವಣೆಯನ್ನು ಒಂದು ತಿಂಗಳು ನಡೆಸಿ ಮತ್ತೆ ಅಳೆಯಬೇಕು. ಇದಕ್ಕೆ ಬೇಕಾದದ್ದು ಅನುದಾನಕ್ಕಿಂತ ಹೆಚ್ಚಾಗಿ, ವಿದ್ಯಾರ್ಥಿಗಳು ಗಡಿಯಾರ ಹಿಡಿದು ಪ್ರಯೋಗಾಲಯದ ಬಾಗಿಲಲ್ಲಿ ನಿಲ್ಲಲು ಆಸ್ಪತ್ರೆಯವರು ಕೊಡುವ ಒಂದು ಲಿಖಿತ ಅನುಮತಿ, ಮತ್ತು ಅಳತೆಯಲ್ಲಿ ಕಂಡದ್ದಕ್ಕೆ ಯಾವ ಸಿಬ್ಬಂದಿಗೂ ನೋಟಿಸ್ ಹೋಗುವುದಿಲ್ಲ ಎಂಬ ಭರವಸೆ.